ಸಂಬಳ ಉಳಿಸದವರು ಅಂದುಕೊಳ್ಳಬೇಡಿ

ಮಾಸ್ಕೋಗೆ ಹೊಸದಾಗಿ ಬಂದಿದ್ದೀರಿ. ಇಲ್ಲಿಯವರು ಸಂಬಳ ಬಂದ ವಾರದಲ್ಲೇ ಖರ್ಚು ಮಾಡುತ್ತಾರೆ, ಏನು ಕೇಳಿದರೂ ನಾಳೆ ನೋಡೋಣ ಅನ್ನುತ್ತಾರೆ, ಇವರಿಗೆ ದುಡಿಯುವ ಆಸೆಯೇ ಇಲ್ವಾ ಅಂತ ಕೇಳಿದ್ದೀರಿ. ನನ್ನ ಮನೆ, ಸಂಸಾರ ಎಲ್ಲ ಇಲ್ಲೇ ಆಗಿ ಎಷ್ಟೋ ವರ್ಷವಾಯಿತು. ಇಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ ಅಂತ ಕೇಳಿಕೊಳ್ಳುತ್ತೇನೆ.

'ಕೆಲಸವೇನು ತೋಳವಲ್ಲ, ಕಾಡಿಗೆ ಓಡಿಹೋಗಲ್ಲ' ಅನ್ನೋ ಗಾದೆ ನಿಮ್ಮ ಕಿವಿಗೂ ಬಿದ್ದಿರಬೇಕು. 'ಬೇಸಿಗೆಯ ಒಂದು ದಿನ ವರ್ಷಕ್ಕೆ ಅನ್ನ ಹಾಕುತ್ತೆ' ಅಂದವರೂ ಇದೇ ಜನ. ಇಲ್ಲಿ ಹೊಲದ ಕೆಲಸಕ್ಕೆ ಸಿಗುವ ಕಾಲ ಬಹಳ ಚಿಕ್ಕದು. ಬಿತ್ತನೆ, ಹುಲ್ಲು ಕೊಯ್ಲು, ಕಟಾವು ಎಲ್ಲ ಅಷ್ಟರಲ್ಲೇ ಮುಗಿಯಬೇಕು. ಆಮೇಲೆ ಬರೀ ಹಿಮ. ಕೆಲವು ವಾರ ಹಗಲು ರಾತ್ರಿ ದುಡಿದು, ಆಮೇಲೆ ತಿಂಗಳುಗಟ್ಟಲೆ ನಿಧಾನವಾಗಿರುವ ಅಭ್ಯಾಸ ಈ ಹವೆಯಿಂದಲೇ ಬಂತು ಅಂತ ರಷ್ಯಾದ ಇತಿಹಾಸಕಾರ ಕ್ಲ್ಯುಚೆವ್‌ಸ್ಕಿ ಬರೆದಿದ್ದಾರೆ. ನನಗೂ ಅದು ನಿಜ ಅನಿಸುತ್ತದೆ. ಕೆಲಸ ಒಪ್ಪಿಸುವ ದಿನ ಹತ್ತಿರ ಬರಲಿ, ನಿಮ್ಮ ಆಫೀಸಿನ ಇದೇ ಜನ ಊಟ ನಿದ್ದೆ ಬಿಟ್ಟು ಕೂರುವುದನ್ನು ನೋಡುತ್ತೀರಿ.

ಇನ್ನು ದುಡ್ಡಿನ ವಿಷಯ. 1861ರವರೆಗೆ ಹಳ್ಳಿಯವರಲ್ಲಿ ಬಹಳಷ್ಟು ಜನ ಜಮೀನ್ದಾರರ ಜೀತದಲ್ಲಿದ್ದರು. ಜಾಸ್ತಿ ಬೆಳೆದರೂ ಅದು ಕೈಯಲ್ಲಿ ಉಳಿಯುತ್ತದೆ ಅನ್ನೋ ಭರವಸೆ ಇರಲಿಲ್ಲ. 'ನ್ಯಾಯವಾಗಿ ದುಡಿದು ಕಲ್ಲಿನ ಮಹಲು ಕಟ್ಟೋಕಾಗಲ್ಲ' ಅನ್ನೋ ಮಾತು ಸುಮ್ನೆ ಹುಟ್ಟಲಿಲ್ಲ. ಇತ್ತೀಚಿನ ಕಥೆಯೂ ಹಾಗೇ ಇದೆ. 1991ರ ಜನವರಿಯಲ್ಲಿ 50 ಮತ್ತು 100 ರೂಬಲ್‌ನ ಹಳೇ ನೋಟು ಬದಲಾಯಿಸಲು ಕೊಟ್ಟಿದ್ದು ಮೂರೇ ದಿನ. 1992ರಲ್ಲಿ ಸರ್ಕಾರ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು, ಬೆಲೆ ಏರಿ ಜೀವಮಾನವಿಡೀ ಕೂಡಿಟ್ಟ ಹಣ ಕರಗಿಹೋಯಿತು. ಮತ್ತೆ 1998ರ ಆಗಸ್ಟ್‌ನಲ್ಲಿ ರೂಬಲ್ ಕುಸಿಯಿತು. ಇದನ್ನೆಲ್ಲ ಕಂಡವರು ಕೈಗೆ ಬಂದ ದುಡ್ಡಿನಲ್ಲಿ ಫ್ರಿಜ್ ಕೊಂಡರೆ ಅದನ್ನು ದುಂದು ಅನ್ನೋಕೆ ಆಗುತ್ತಾ?

ಉಳಿತಾಯ ನೋಡಬೇಕಿದ್ದರೆ ಅವರ ಬಾಲ್ಕನಿ ನೋಡಿ. ನಮ್ಮ ಕೆಳಗಿನ ಮನೆಯ ಅಜ್ಜಿ ಪ್ರತಿ ಆಗಸ್ಟ್‌ನಲ್ಲಿ ಮೂರು ಲೀಟರಿನ ಗಾಜಿನ ಜಾಡಿಗಳಲ್ಲಿ ಎಳೆ ಸೌತೆಕಾಯಿಯನ್ನು ಉಪ್ಪುನೀರಿಗೆ ಹಾಕುತ್ತಾರೆ. ತಳಕ್ಕೆ ಬೆಳ್ಳುಳ್ಳಿ, ಸಬ್ಬಸಿಗೆಯ ಹೂಗೊಂಚಲು, ಬ್ಲ್ಯಾಕ್‌ಕರಂಟ್ ಅನ್ನೋ ಹಣ್ಣಿನ ಗಿಡದ ಎಲೆ. ಅದರ ಮೇಲೆ ಸೌತೆಕಾಯಿ ಒತ್ತೊತ್ತಾಗಿ ನಿಲ್ಲಿಸುತ್ತಾರೆ. ಎಲ್ಲ ಅವರ ದಾಚಾದಲ್ಲಿ, ಅಂದರೆ ಊರಾಚೆಯ ತೋಟದ ಮನೆಯಲ್ಲಿ ಬೆಳೆದಿದ್ದು. ಸೋವಿಯತ್ ಕಾಲದಲ್ಲಿ ಹೀಗೆ ಹಂಚುತ್ತಿದ್ದ ಜಾಗ ಸಾಮಾನ್ಯವಾಗಿ 600 ಚದರ ಮೀಟರ್. ಒಣಗಿದ ಬ್ರೆಡ್ಡನ್ನೂ ಅವರು ಬಿಸಾಡುವುದಿಲ್ಲ, ರಸ್ಕ್ ಮಾಡಿಡುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾದನ್ನು (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ದಿಗ್ಬಂಧಿಸಿದಾಗ, 1941ರ ಚಳಿಗಾಲದಲ್ಲಿ, ಮಕ್ಕಳಿಗೆ ದಿನಕ್ಕೆ 125 ಗ್ರಾಂ ಬ್ರೆಡ್ ಸಿಗುತ್ತಿತ್ತು. ಅದಕ್ಕೇ ಇಂಥ ಹಿರಿಯರ ಎದುರಿಗೆ ತಟ್ಟೆಯಲ್ಲಿ ಬ್ರೆಡ್ ಬಿಟ್ಟು ಏಳಬೇಡಿ, ನಿಜಕ್ಕೂ ನೋವಾಗುತ್ತದೆ.

'ನೂರು ರೂಬಲ್ ಬೇಡ, ನೂರು ಸ್ನೇಹಿತರಿರಲಿ' ಅನ್ನುವುದನ್ನು ಇವರು ಬದುಕಿ ತೋರಿಸುತ್ತಾರೆ. ಹಿಂದೆ ಹಳ್ಳಿಯಲ್ಲಿ ಮನೆ ಕಟ್ಟುವಾಗ, ಕಟಾವು ಮಾಡುವಾಗ ಊರವರೆಲ್ಲ ಬಂದು ದುಡಿಯುತ್ತಿದ್ದರು. ಕೂಲಿ ಇಲ್ಲ, ಹೊಟ್ಟೆತುಂಬ ಊಟ ಹಾಕಿದರೆ ಸಾಕು. ನಮ್ಮ ಮಲೆನಾಡಿನ ಮುಯ್ಯಾಳಿನ ಹಾಗೆಯೇ ಅಲ್ವಾ? ಆ ಗುಣ ಇನ್ನೂ ಹೋಗಿಲ್ಲ. ಅದಕ್ಕೇ ಪಕ್ಕದ ಮನೆಯವರು ನಲ್ಲಿ ರಿಪೇರಿ ಮಾಡಿಕೊಟ್ಟರೆ ನೋಟು ಚಾಚಬೇಡಿ. ಟೀಗೆ ಕರೆಯಿರಿ, ಚಾಕೊಲೇಟ್ ಕೊಡಿ. ಜಾಡಿ ತುಂಬ ಉಪ್ಪಿನಕಾಯಿ ಕೊಟ್ಟರೆ ಜಾಡಿ ತೊಳೆದು ವಾಪಸ್ ಕೊಡಿ, ಮುಂದಿನ ವರ್ಷಕ್ಕೆ ಬೇಕಾಗುತ್ತದೆ. ನಿಮ್ಮ ಹುಟ್ಟುಹಬ್ಬಕ್ಕೆ ಆಫೀಸಿಗೆ ಕೇಕ್ ತರಬೇಕಾದವರು ನೀವೇ.

ಮೇ ರಜೆಯಲ್ಲಿ ಯಾರಾದರೂ ದಾಚಾಗೆ ಕರೆದರೆ ಖಂಡಿತ ಹೋಗಿ. ಆಲೂಗಡ್ಡೆ ನೆಡೋಕೆ ಕೈಗೆ ಸಲಿಕೆ ಕೊಡುತ್ತಾರೆ, ಹಳೇ ಬಟ್ಟೆ ಇಟ್ಟುಕೊಳ್ಳಿ. ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳು ಇರುತ್ತವೆ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿಕೊಳ್ಳಿ.