ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದಲ್ಲಿ ಕಲ್ಲುಗಳು ಕಂಬದ ಹಾಗೆ ಯಾಕಿವೆ? ಹೋಗಿ ನೋಡಬಹುದಾ?

ಯಾರೂ ಕೆತ್ತಿದ್ದಲ್ಲ, ಲಾವಾದ ಕೆಲಸ ಅದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರೆಯಾಗುತ್ತಿದ್ದ ಕಾಲದಲ್ಲಿ, ನೆಲದಡಿಯಿಂದ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿತು, ಕುಗ್ಗುತ್ತಾ ಬಿರುಕು ಬಿಟ್ಟಿತು. ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರು ಸೀಳುತ್ತದಲ್ವಾ, ಹಾಗೇ. ಇಲ್ಲಿ ಬಿರುಕು ಆಳಕ್ಕೆ ಇಳಿದು ಐದಾರು ಮೂಲೆಯ ಕಂಬಗಳಾದವು.

ಮಲ್ಪೆಯಿಂದ ದೋಣಿ ಸಿಗುತ್ತದೆ, ಮಳೆಗಾಲದಲ್ಲಿ ಮಾತ್ರ ಬಂದ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದಿದ್ದ ಅನ್ನೋದು ಜನ ಹೇಳುವ ಕತೆ, ಸುಮ್ನೆ ಕೇಳಿ ಬಿಟ್ಟುಬಿಡಿ. ನುಣುಪು ಮರಳು ಬೇಕು ಅಂತ ಹೋಗಬೇಡಿ, ಚಿಪ್ಪಿನ ಚೂರುಗಳೇ ಜಾಸ್ತಿ, ಚಪ್ಪಲಿ ಕಾಲಲ್ಲೇ ಇರಲಿ. ನೀರಾಟಕ್ಕೆ ವಾಪಸ್ ಬಂದ ಮೇಲೆ ಮಲ್ಪೆ ಬೀಚೇ ವಾಸಿ.