ಬೋರ್‌ವೆಲ್ ರೋಬೋಟ್: ಕೈ ಆಮೇಲೆ, ಮೊದಲು ಕಣ್ಣು ಕಿವಿ

ಜಮಖಂಡಿಯ ತಮ್ಮ ಕೇಳಿದ್ದು ಇಷ್ಟು: ಬೋರ್‌ವೆಲ್‌ಗೆ ಬಿದ್ದ ಮಗುವನ್ನು ಹಿಡಿದೆತ್ತುವ ರೋಬೋಟ್ 15 ಸಾವಿರದಲ್ಲಿ ಆಗುತ್ತದಾ? ಡಿಪ್ಲೊಮಾ ಪ್ರಾಜೆಕ್ಟಿಗೆ. ಇಳಿಸಿ ನೋಡಲು ಮಾವನ ಹೊಲದಲ್ಲಿ ಬತ್ತಿದ ಬೋರ್ ಇದೆಯಂತೆ.

ತಮ್ಮಾ, ಎತ್ತುವ ಕೈಯ ಆಸೆ ಸದ್ಯಕ್ಕೆ ಬಿಡು. ಬೋರಿನ ಬಾಯಿ ಆರೂವರೆ ಇಂಚು. ಕೂಸು ಸಿಕ್ಕಿಕೊಂಡ ಮೇಲೆ ಪಕ್ಕದಲ್ಲಿ ಬೆರಳು ತೂರಿಸಲೂ ಜಾಗ ಇರುವುದಿಲ್ಲ. ಹಿಡಿತ ಜಾರಿದರೆ ಅದು ಇನ್ನೂ ಕೆಳಗೆ ಹೋಗುತ್ತದೆ. 2024ರ ಏಪ್ರಿಲ್‌ನಲ್ಲಿ ನಮ್ಮ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಸುಮಾರು 16 ಅಡಿ ಆಳದಲ್ಲಿ ತಲೆಕೆಳಗಾಗಿ ಸಿಕ್ಕಿದ್ದ ಕೂಸನ್ನು ಸುಮಾರು 20 ತಾಸಿನ ಮೇಲೆ ಜೀವಂತ ತೆಗೆದರಲ್ಲ, ಪಕ್ಕದಲ್ಲಿ ಗುಂಡಿ ತೋಡಿಯೇ ತೆಗೆದದ್ದು. ಆದರೆ ಕಾಲು ಅಲ್ಲಾಡ್ತಿದೆ ಅಂತ ತೋರಿಸಿದ್ದು ಒಳಗಿಳಿಸಿದ ಕ್ಯಾಮೆರಾ. ನೀನೂ ಅದನ್ನೇ ಮಾಡು. ಕ್ಯಾಮೆರಾ, ಮೈಕ್, ತಾಯಿಯ ಧ್ವನಿ ಕೇಳಿಸಲು ಒಂದು ಸಣ್ಣ ಸ್ಪೀಕರ್. ಸಾಕು.

ನಾವು ಮೂರು ಜನ ಒಮ್ಮೆ ಮಾಡಿ ಸೋತಿದ್ದೇವೆ. ಇಎಸ್‌ಪಿ32 ಕ್ಯಾಮ್ (ವೈಫೈಯಲ್ಲಿ ಚಿತ್ರ ಕಳಿಸುವ ಪುಟ್ಟ ಕ್ಯಾಮೆರಾ ಬೋರ್ಡ್) ಹಾಕಿದ್ದೆವು, ಮೇಜಿನ ಮೇಲೆ ಚಂದ ಓಡಿತು. ಬೋರಿಗೆ ಇಳಿಸಿದರೆ ಇಪ್ಪತ್ತಡಿಗೇ ಚಿತ್ರ ನಿಂತಿತು. ಹಸಿ ಎರೆಮಣ್ಣು ವೈಫೈಯನ್ನು ನುಂಗಿಬಿಡುತ್ತದೆ. ಅದಕ್ಕೇ ಕೇಬಲ್ ಬೇಕು. ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಷ್ಟು ಕಂಪ್ಯೂಟರ್ ತಗೋ, ಲ್ಯಾನ್ ಕೇಬಲ್ಲಿನಲ್ಲಿ ವಿಡಿಯೋ ಮೇಲೆ ತಾ. ಅದನ್ನು ನಡೆಸುವ ಲಿನಕ್ಸ್, ವಿಡಿಯೋ ಕಳಿಸುವ ಸಾಫ್ಟ್‌ವೇರ್ ಎಲ್ಲ ಪುಕ್ಕಟೆ. ಬ್ಯಾಟರಿ ಮೇಲೇ ಇರಲಿ. 12 ವೋಲ್ಟ್ ಕೆಳಗೆ ಕಳಿಸಿ ಅಲ್ಲಿ 5ಕ್ಕೆ ಇಳಿಸು. ಮೇಲಿಂದಲೇ 5 ಕಳಿಸಿದರೆ ಸಣ್ಣ ತಂತಿಯಲ್ಲೇ ಅರ್ಧಂಬರ್ಧ ಸೋರಿ, ಪೈ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿರುತ್ತದೆ.

ಭಾರ ಹೊರಬೇಕಾದ್ದು ನೈಲಾನ್ ಹಗ್ಗ, ಕೇಬಲ್ ಅಲ್ಲ. ಕೇಬಲ್ಲನ್ನು ಸ್ವಲ್ಪ ಸಡಿಲ ಬಿಟ್ಟು ಎರಡಡಿಗೊಮ್ಮೆ ಹಗ್ಗಕ್ಕೆ ಕಟ್ಟು. ಕೇಬಲ್ ಅಂದರೆ ಸಣ್ಣ ವಿಷಯ ಅಂದುಕೊಳ್ಳಬೇಡ. 2011ರಲ್ಲಿ ಫುಕುಶಿಮಾದ ಅಣು ಸ್ಥಾವರಕ್ಕೆ ಇಳಿಸಿದ ಜಪಾನಿನ ಕ್ವಿನ್ಸ್ ರೋಬೋಟ್ ಒಳಗೇ ಉಳಿದದ್ದು ಕೇಬಲ್ ತೊಂದರೆಯಿಂದಲೇ.

ಇನ್ನೊಂದು ಫಜೀತಿ, ಲೆನ್ಸಿಗೆ ಕೂರುವ ಮಂಜು. ಕೆಳಗಿನ ಗಾಳಿ ತೇವ. ನಮ್ಮ ಗಾಜು ಎರಡೇ ನಿಮಿಷಕ್ಕೆ ಬೆಳ್ಳಗಾಯ್ತು. ಶೂ ಡಬ್ಬಿಯಲ್ಲಿ ಸಿಗುವ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವನ್ನು ಒಳಗಿಟ್ಟು ಮುಚ್ಚಳಕ್ಕೆ ಎಂ-ಸೀಲ್ ಬಳಿ, ಹೊರಗಿನ ಗಾಜಿಗೆ ತೆಳ್ಳಗೆ ಸೋಪು ಸವರು. ಎಲ್‌ಇಡಿ ಬೆಳಕು ಕಮ್ಮಿ-ಜಾಸ್ತಿ ಮಾಡುವಂತಿರಲಿ. ಬೆಳಕು ಜಾಸ್ತಿಯಾದರೆ ಬೋರಿನ ಗೋಡೆಗೆ ಇಳಿಸಿದ ಪಿವಿಸಿ ಕೇಸಿಂಗ್ ಪೈಪು ಕನ್ನಡಿಯಂತೆ ಹೊಳೆದು ಏನೂ ಕಾಣಿಸುವುದಿಲ್ಲ.

ಕುಸಿದ ಮನೆಯೊಳಗೆ ಓಡಾಡುವ ಗಾಲಿ ರೋಬೋಟ್ ಮುಂದಿನ ವರ್ಷ ಮಾಡು. ರೋಬೋಕಪ್ ರೆಸ್ಕ್ಯೂ ಅನ್ನುವ ರಕ್ಷಣಾ ರೋಬೋಟ್ ಸ್ಪರ್ಧೆಯ ಬಳಗದವರ ಓಪನ್ ಅಕಾಡೆಮಿಕ್ ರೋಬೋಟ್ ಕಿಟ್‌ನ ವಿನ್ಯಾಸ ಎಲ್ಲರಿಗೂ ತೆರೆದಿದೆ, 3ಡಿ ಪ್ರಿಂಟ್ ಮಾಡಿಕೊಳ್ಳಬಹುದು. ಅದರ ಸರ್ವೋಗಳೇ (ಕೀಲು, ಗಾಲಿ ತಿರುಗಿಸುವ ಮೋಟರ್‌ಗಳೇ) ನಿನ್ನ 15 ಸಾವಿರ ನುಂಗುತ್ತವೆ, ನೋಡಿಕೋ.

ಪರೀಕ್ಷೆ ಮಾತ್ರ ಮಾವನ ಬೋರಿನಲ್ಲಿ ಬೇಡ. ಎರಡು ತುಂಡು ಕೇಸಿಂಗ್ ಪೈಪು ಜೋಡಿಸಿ ಬೇವಿನ ಮರಕ್ಕೆ ನೆಟ್ಟಗೆ ಕಟ್ಟು, ಒಳಗೆ ಒಂದು ಗೊಂಬೆ ಸಿಕ್ಕಿಸು. ನಾವು ಸಿದ್ಧೇಶ್ವರ ಜಾತ್ರೆಯಲ್ಲಿ ತಂದ ಗೊಂಬೆ ಹಾಕಿದ್ದೆವು. ಮಾವನ ಬೋರಿಗೆ ಬರೀ ಗೋಣಿಚೀಲ ಮುಚ್ಚಿದೆ ಅಂದಿಯಲ್ಲ, ಅದಕ್ಕೆ ಇವತ್ತೇ ಗಟ್ಟಿ ಕ್ಯಾಪ್ ಹಾಕಿಸು. ಇನ್ನು ಬಳಸುವುದೇ ಇಲ್ಲ ಅಂದರೆ ತಳದಿಂದ ಬಾಯಿವರೆಗೆ ಮಣ್ಣು, ಮರಳು, ಕಲ್ಲು ತುಂಬಬೇಕು ಅಂತ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಟ್ರ್ಯಾಕ್ಟರ್ ಮಣ್ಣು ತರಿಸಲು ಮಾವನಿಗೆ ಹೇಳು.