2.41 ಗ್ರಾಂ ಫೌಸ್ಟಿನಾ ಅಸಲಿಯೇ? ರೋಮನ್ ರಾಣಿಯರ ನಾಣ್ಯ ಕೊಳ್ಳುವವರಿಗೆ ಉತ್ತರ

ನೀವು ಕೇಳಿರುವುದು ಮೂರು: 18 ಮಿ.ಮೀ., 2.41 ಗ್ರಾಂ ಇರುವ ‘ದಿವಾ ಫೌಸ್ಟಿನಾ’ (ಸತ್ತ ಮೇಲೆ ದೇವಿಯೆನಿಸಿದ ರೋಮನ್ ರಾಣಿ ಫೌಸ್ಟಿನಾಳ) ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ ಅಸಲಿಯೇ, ಅದನ್ನು ಹುಣಸೆಹಣ್ಣು ಹಾಕಿ ತೊಳೆಯಬಹುದೇ, ಹನ್ನೆರಡು ರಾಣಿಯರ ಸಾಲು ಕಟ್ಟಲು ಮುಂದೆ ಯಾರನ್ನು ಕೊಳ್ಳಬೇಕು. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ತುರ್ತು. ತೊಳೆಯಬೇಡಿ. ಹುಣಸೆ, ನಿಂಬೆ, ಪೀತಾಂಬರಿ ಯಾವುದೂ ಬೇಡ. ನಿಮ್ಮ ನಾಣ್ಯದ ವಿಷಯದಲ್ಲಂತೂ ಹುಣಸೆಯ ಹುಳಿ ಬೆಳ್ಳಿಯ ಬಿರುಕಿನೊಳಗೆ ಇಳಿದು ಕೆಳಗಿನ ತಾಮ್ರವನ್ನು ತಿನ್ನುತ್ತದೆ. ಬೆಳ್ಳಿಯ ಕೆಳಗೆ ತಾಮ್ರ ಇದೆ ಎಂದು ಏಕೆ ಅನ್ನಿಸುತ್ತದೆ ಅಂದರೆ ತೂಕದಿಂದ.

ಫೌಸ್ಟಿನಾಳ ಆಂಟೊನೈನ್ ಕಾಲದ (ಕ್ರಿ.ಶ. ಎರಡನೇ ಶತಮಾನದ) ಡಿನೇರಿಯಸ್ ಸಾಮಾನ್ಯವಾಗಿ 2.8ರಿಂದ 3.5 ಗ್ರಾಂ ಒಳಗೆ ಬರುತ್ತದೆ. ಬರೀ ಸವೆತದಿಂದ 2.41ಕ್ಕೆ ಇಳಿದಿದ್ದರೆ ಮುಖ ಚಪ್ಪಟೆಯಾಗಿರಬೇಕಿತ್ತು. ನಿಮ್ಮ ಫೋಟೋದಲ್ಲಿ ಜಡೆಯ ಎಳೆಗಳು ಚೆನ್ನಾಗಿ ಉಳಿದಿವೆ, ಅಂಚಿನಲ್ಲಿ ಎರಡು ಕಡೆ ಬೆಳ್ಳಿ ಎದ್ದು ಕಂದು ಬಣ್ಣ ಕಾಣುತ್ತಿದೆ. ಇದು ತಾಮ್ರದ ತಿರುಳಿಗೆ ಬೆಳ್ಳಿ ಹೊದಿಸಿದ ನಾಣ್ಯದ ಲಕ್ಷಣ. ಇಂಥ ಖೋಟಾ ಡಿನೇರಿಯಸ್‌ಗಳನ್ನು ರೋಮನ್ನರ ಕಾಲದಲ್ಲೇ ಮಾಡುತ್ತಿದ್ದರು. ಹಾಗಾಗಿ ಇದು ಈಚಿನ ನಕಲಿ ಆಗಿರಬೇಕಾಗಿಲ್ಲ. ಹಳೆಯದೇ ಆಗಿದ್ದರೆ ಸಂಗ್ರಹದಲ್ಲಿ ಇಡಲು ಯೋಗ್ಯ, ಆದರೆ ಒಳ್ಳೆಯ ಬೆಳ್ಳಿಯ ಬೆಲೆ ಇದಕ್ಕೆ ಸಲ್ಲದು.

ಖಚಿತ ಮಾಡಿಕೊಳ್ಳಲು ಸಾಂದ್ರತೆ ಅಳೆಯಿರಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುವಾದ ನೈಲಾನ್ ದಾರಕ್ಕೆ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತೋರುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ನಿಮ್ಮ ನಾಣ್ಯ 0.262 ತೋರಿಸಿದರೆ ಸಾಂದ್ರತೆ 9.2. ಒಳ್ಳೆಯ ಫೌಸ್ಟಿನಾ ಡಿನೇರಿಯಸ್ 10ರ ಆಸುಪಾಸು ಬರಬೇಕು. ಶುದ್ಧ ತಾಮ್ರ 8.9, ಶುದ್ಧ ಬೆಳ್ಳಿ 10.5. ಆನ್‌ಲೈನಿನಲ್ಲಿ ಸಿಗುವ 0.01 ಗ್ರಾಂ ತಕ್ಕಡಿ ಈ ಕೆಲಸಕ್ಕೆ ಸಾಲದು: 3.30 ಗ್ರಾಂ ನಾಣ್ಯದಲ್ಲಿ 0.32 ಓದಿದರೆ 10.3, 0.34 ಓದಿದರೆ 9.7, ಅಂದರೆ ಓದುವ ತಪ್ಪೇ ಇಡೀ ವ್ಯತ್ಯಾಸವನ್ನು ನುಂಗುತ್ತದೆ. 0.001 ಗ್ರಾಂ ತೋರಿಸುವ ತಕ್ಕಡಿ ಬೇಕು. ಒಡವೆ ಅಂಗಡಿಯವರು ಪರಿಚಯವಿದ್ದರೆ ಅಲ್ಲೇ ಮುಗಿಸಬಹುದು. ನಾಣ್ಯಕ್ಕೆ ಗಾಳಿಗುಳ್ಳೆ ಅಂಟದಂತೆ ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ದ್ರವ ಹಾಕಿ. ಮುಗಿದ ಮೇಲೆ ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ಚೆನ್ನಾಗಿ ಒಣಗಿಸಿ.

ಸೆವೆರಸ್ ಮನೆತನದ ನಾಣ್ಯಗಳಿಗೆ ಇದೇ 10ರ ಅಳತೆ ಹಿಡಿಯಬೇಡಿ. ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಬೆಳ್ಳಿಯನ್ನು ಅರ್ಧದಷ್ಟಕ್ಕೆ ಇಳಿಸಿದ. ಹಾಗಾಗಿ ಅವನ ಹೆಂಡತಿ ಜೂಲಿಯಾ ಡೊಮ್ನಾಳ ಅಸಲಿ ಡಿನೇರಿಯಸ್ ಕೂಡ 9.6ರ ಸುತ್ತ ಬರುತ್ತದೆ. ಲೇಪದ ನಾಣ್ಯವೆಂದು ಒಳ್ಳೆಯದನ್ನೇ ಮಾರಿಬಿಟ್ಟೀರಿ.

ಈ ಕಾಲದ ನಕಲಿಗಳದ್ದು ಬೇರೆ ಕಥೆ. ಎರಕದ ನಕಲಿಯಲ್ಲಿ ಅಕ್ಷರದ ಬುಡ ದುಂಡಗೆ ಕರಗಿದಂತಿರುತ್ತದೆ, ಚಿತ್ರ, ಬರಹ ಇಲ್ಲದ ಬಯಲು ಜಾಗದಲ್ಲಿ ಸೂಜಿಮೊನೆಯಂಥ ಗುಂಡಿಗಳಿರುತ್ತವೆ, ಅಂಚಿನ ಸುತ್ತ ಜೋಡಣೆಯ ಗೆರೆ ಅಥವಾ ಅದನ್ನು ಅಳಿಸಲು ಅರ ಹಾಕಿದ ಗುರುತು ಇರುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಇದಕ್ಕೆ ಸಾಕು. ಹೊಸ ಅಚ್ಚಿನಲ್ಲಿ ಒತ್ತಿದ ನಕಲಿ ಹಿಡಿಯುವುದು ಕಷ್ಟ. ಅದಕ್ಕೆ ಒಂದು ಒಳ್ಳೆಯ ಉಪಾಯ: ಮಾರಾಟದ ಹಳೆಯ ಫೋಟೋಗಳಲ್ಲಿ ಅವಳಿ ಹುಡುಕುವುದು. ರೋಮನ್ನರು ಪ್ರತಿ ಬಿಲ್ಲೆಯನ್ನೂ ಕೈಯಿಂದ ಇಟ್ಟು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದೇ ಅಚ್ಚಿನ ಎರಡು ನಾಣ್ಯಗಳು ಸಿಗುತ್ತವೆ, ಆದರೆ ಒಂದೇ ಕಡೆ ಸರಿದು, ಒಂದೇ ಕಡೆ ಅಂಚು ಸೀಳಿ, ಒಂದೇ ಕಡೆ ಗೀರು ಬಿದ್ದ ಎರಡು ನಾಣ್ಯ ಇರಲಾರವು. ಇದ್ದರೆ ಎರಡರಲ್ಲಿ ಕನಿಷ್ಠ ಒಂದು ಸುಳ್ಳು. ದೊಡ್ಡ ಹಿತ್ತಾಳೆಯ ಸೆಸ್ಟರ್ಶಿಯಸ್‌ಗಳಲ್ಲಿ ಇನ್ನೊಂದು ಮೋಸ ಇದೆ. ನಾಣ್ಯ ಅಸಲಿಯೇ, ಆದರೆ ಸವೆದ ಕೂದಲಿನ ಗೆರೆಗಳನ್ನು ಉಳಿಯಿಂದ ಮತ್ತೆ ಕೊರೆದಿರುತ್ತಾರೆ. ಕಿವಿ ಸವೆದು ಕೂದಲು ಮಾತ್ರ ಹರಿತವಾಗಿದ್ದರೆ ಅನುಮಾನಿಸಿ.

ಈಗ ಯಾರನ್ನು ಕೊಳ್ಳುವುದು. ಹನ್ನೆರಡು ಹೆಸರುಗಳ ಹಿಂದೆ ಓಡಬೇಡಿ ಎಂದು ಒತ್ತಿ ಹೇಳುತ್ತೇನೆ. ಒಬ್ಬಳನ್ನೇ ಹಿಡಿದು ಐದಾರು ನಾಣ್ಯ ಸೇರಿಸಿದರೆ ಕಣ್ಣು ಪಳಗುತ್ತದೆ, ಮತ್ತು ಇಲ್ಲಿ ಕಲಿಸುವುದು ತುರುಬು ಮತ್ತು ಬರಹ ಎರಡೇ. ಜೂಲಿಯಾ ಡೊಮ್ನಾ ಇದಕ್ಕೆ ಹೇಳಿ ಮಾಡಿಸಿದಂತಿದ್ದಾಳೆ. ಮುಂಬದಿಯಲ್ಲಿ ‘ಯೂಲಿಯಾ ಡೊಮ್ನಾ ಆಗ್’ (‘ಆಗ್’ ಎಂದರೆ ಆಗುಸ್ಟಾ) ಇದ್ದರೆ ಕ್ರಿ.ಶ. 193–196, ‘ಯೂಲಿಯಾ ಆಗುಸ್ಟಾ’ ಇದ್ದರೆ 196–211, ‘ಯೂಲಿಯಾ ಪಿಯಾ ಫೆಲಿಕ್ಸ್ ಆಗ್’ ಇದ್ದರೆ ಮಗ ಕ್ಯಾರಕಲ್ಲಾನ ಆಳ್ವಿಕೆಯ 211–217. ಮೂರು ನಾಣ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಕೈಗೆ ಸಿಗುತ್ತದೆ. ಓದುವಾಗ ನೆನಪಿಡಿ: ನಾಣ್ಯದಲ್ಲಿ ‘ಜೆ’ ಇಲ್ಲ, ಆ ಜಾಗದಲ್ಲಿ ‘ಐ’. ‘ಯು’ ಇಲ್ಲ, ಆ ಜಾಗದಲ್ಲಿ ‘ವಿ’. 215ರಲ್ಲಿ ಬಂದ ಆಂಟೊನಿನಿಯಾನಸ್ ಎಂಬ ದೊಡ್ಡ ಬೆಳ್ಳಿ ನಾಣ್ಯದಲ್ಲಿ ಚಕ್ರವರ್ತಿಗೆ ಕಿರಣಗಳ ಕಿರೀಟ, ರಾಣಿಯ ಎದೆಯ ಕೆಳಗೆ ಬಾಲಚಂದ್ರ. ಚಂದ್ರ ಕಂಡರೆ ಅದು ಡಿನೇರಿಯಸ್ ಅಲ್ಲ.

ಇಬ್ಬರು ಫೌಸ್ಟಿನಾರನ್ನು ಹೊಸಬರು ಸದಾ ಗೊಂದಲ ಮಾಡಿಕೊಳ್ಳುತ್ತಾರೆ. ಹಿರಿಯಳು ಚಕ್ರವರ್ತಿ ಆಂಟೊನಿನಸ್ ಪಿಯಸ್‌ನ ಹೆಂಡತಿ, 140ರಲ್ಲಿ ತೀರಿಕೊಂಡಳು. ಅವಳನ್ನು ದೇವಿಯಾಗಿಸಿ ಗಂಡ ರಾಶಿಗಟ್ಟಲೆ ನಾಣ್ಯ ಹೊರಡಿಸಿದ. ಆದ್ದರಿಂದಲೇ ‘ದಿವಾ ಫೌಸ್ಟಿನಾ’ ಇಂದಿಗೂ ಅಗ್ಗ. ಕಿರಿಯಳು ಅವಳ ಮಗಳು, ಮಾರ್ಕಸ್ ಔರೇಲಿಯಸ್‌ನ ಹೆಂಡತಿ. ‘ದಿವಾ’ ಕಂಡ ಕೂಡಲೇ ಹಿರಿಯಳೆಂದು ತೀರ್ಮಾನಿಸಬೇಡಿ, ಮಗಳು ಸತ್ತ ಮೇಲೆ ‘ದಿವಾ ಫೌಸ್ಟಿನಾ ಪಿಯಾ’ ಎಂದು ಅವಳದ್ದೂ ಬಂದಿದೆ. ತುರುಬು ನೋಡಿ: ಹಿರಿಯಳ ಜಡೆಗಳು ನೆತ್ತಿಯ ಮೇಲೆ ಸುತ್ತಿ ನಿಂತಿರುತ್ತವೆ, ಕಿರಿಯಳ ತುರುಬು ತಲೆಯ ಹಿಂದೆ ಕಟ್ಟಿರುತ್ತದೆ. ಕಿರಿಯಳದ್ದರಲ್ಲಿ ಒಂದನ್ನೇ ಕೊಳ್ಳುವುದಾದರೆ ‘ಸೇಕುಲಿ ಫೆಲಿಕಿಟ್’ ಎಂಬ ಬರಹ ಇರುವುದನ್ನು ಹುಡುಕಿ. ಹಿಂಬದಿಯ ಪೀಠದ ಮೇಲಿನ ಎರಡು ಮಕ್ಕಳು 161ರಲ್ಲಿ ಹುಟ್ಟಿದ ಅವಳಿಗಳು, ಒಬ್ಬ ಮುಂದೆ ಚಕ್ರವರ್ತಿಯಾದ ಕೊಮೊಡಸ್.

ಹಣ ಕಡಿಮೆ ಇದ್ದರೆ ಹೆಲೆನಾ, ಫೌಸ್ಟಾ ಒಳ್ಳೆಯ ಆಯ್ಕೆ. ಒಬ್ಬಳು ಚಕ್ರವರ್ತಿ ಕಾನ್‌ಸ್ಟಂಟೈನ್‌ನ ತಾಯಿ, ಒಬ್ಬಳು ಹೆಂಡತಿ. ಸುಮಾರು 3 ಗ್ರಾಂನ ಕಂಚು, ಹಿಂಬದಿಯ ಕೆಳಗೆ ಟಂಕಸಾಲೆಯ ಗುರುತು ಇರುವುದರಿಂದ ಟ್ರಿಯರ್, ಥೆಸಲೊನಿಕಾ, ಆಂಟಿಯೋಕ್ ಎಂದು ಊರುವಾರು ಜೋಡಿಸಬಹುದು. ಫೌಸ್ಟಾಳನ್ನು 326ರಲ್ಲೇ ಕೊಲ್ಲಿಸಿದ್ದರಿಂದ ಅವಳದ್ದು ಸ್ವಲ್ಪ ದುಬಾರಿ. ಚಕ್ರವರ್ತಿ ಫಿಲಿಪ್‌ನ ಹೆಂಡತಿ ಒಟಾಸಿಲಿಯಾಳ ನೀರಾನೆ ನಾಣ್ಯ, ರೋಮ್‌ಗೆ ಸಾವಿರ ವರ್ಷ ತುಂಬಿದ 248ರದ್ದು, ಸುಲಭವಾಗಿ ಸಿಗುತ್ತದೆ. ಚಕ್ರವರ್ತಿ ಗೋರ್ಡಿಯನ್‌ನ ಹೆಂಡತಿ ಟ್ರಾಂಕ್ವಿಲ್ಲಿನಾ ಬೇಕಿದ್ದರೆ ರೋಮ್‌ನ ಅಪರೂಪದ ಬೆಳ್ಳಿ ಬಿಟ್ಟು ಪೂರ್ವ ಪ್ರಾಂತ್ಯಗಳ ಗ್ರೀಕ್ ಬರಹದ ಕಂಚು ನೋಡಿ. ಡಿಡಿಯಾ ಕ್ಲಾರಾ, ಮನ್ಲಿಯಾ ಸ್ಕಾಂಟಿಲ್ಲಾ, ಆನಿಯಾ ಫೌಸ್ಟಿನಾ ಹೆಸರಿನ ಬಲು ಅಪರೂಪದ ನಾಣ್ಯ ಅಗ್ಗಕ್ಕೆ ಬಂದರೆ ಮುಟ್ಟಬೇಡಿ. ಮೊದಲಿಬ್ಬರ ಮನೆಯ ಚಕ್ರವರ್ತಿ ಡಿಡಿಯಸ್ ಜೂಲಿಯಾನಸ್ ಆಳಿದ್ದೇ 193ರಲ್ಲಿ 66 ದಿನ.

ಕೊಳ್ಳುವಾಗ ಹಿಂಬದಿಗಿಂತ ಮುಖಕ್ಕೆ ಹಣ ಕೊಡಿ. ಹಿಂಬದಿಯ ದೇವತೆ ಮಾಸಿದ್ದರೂ ಗುರುತಿಸಬಹುದು, ಮೂಗು ಸವೆದ ಮುಖ ಈ ಸಂಗ್ರಹಕ್ಕೆ ಬಾರದು.

ಕಾನೂನಿನದ್ದೂ ಒಂದು ಮಾತು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದ ಹೊರಗೆ ಕಳುಹಿಸುವಂತಿಲ್ಲ. ವಿದೇಶದಿಂದ ತರಿಸಿದ ಅಸಲಿ ನಾಣ್ಯವನ್ನು ಇಷ್ಟವಾಗಲಿಲ್ಲ ಎಂದು ಅಂಚೆಯಲ್ಲಿ ವಾಪಸು ಹಾಕಲು ಹೋದರೆ ತೊಡಕಾಗುತ್ತದೆ. ಆದ್ದರಿಂದ ಅನುಮಾನಗಳನ್ನೆಲ್ಲ ಕೊಳ್ಳುವ ಮೊದಲೇ, ದೊಡ್ಡ ಫೋಟೋ ಮತ್ತು ಅಂಚಿನ ಫೋಟೋ ತರಿಸಿಕೊಂಡು ಮುಗಿಸಿ. ‘ಹೊಲದಲ್ಲಿ ಸಿಕ್ಕಿದ್ದು’ ಎಂದು ಊರಲ್ಲಿ ಮಾರಲು ಬಂದರೆ ಕೊಳ್ಳಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಕಾನೂನಿನಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಯಶವಂತಪುರ, ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ಸಿಕ್ಕಿದ್ದು ನಿಜ, ಆದರೆ ನಮ್ಮಲ್ಲಿ ಸಿಗುವುದು ಮುಖ್ಯವಾಗಿ ಆಗಸ್ಟಸ್, ಟೈಬೀರಿಯಸ್‌ರದ್ದು. ಟೈಬೀರಿಯಸ್ ನಾಣ್ಯದ ಹಿಂಬದಿಯಲ್ಲಿ ಕೂತ ಹೆಂಗಸು ಅವನ ತಾಯಿ ಲಿವಿಯಾ ಎನ್ನುವವರಿದ್ದಾರೆ, ಹೆಸರಂತೂ ಅಲ್ಲಿಲ್ಲ.

ಇಡುವುದಕ್ಕೆ ಪಿವಿಸಿ ಕವರ್ ಬೇಡ, ಅದು ಹಳತಾದಂತೆ ಆಮ್ಲ ಬಿಟ್ಟು ನಾಣ್ಯದ ಮೇಲೆ ಹಸಿರು ಅಂಟು ತರುತ್ತದೆ. ಪಾಲಿಯೆಸ್ಟರ್ ಕವರ್ ಬಳಸಿ. ಕಂಚಿನ ಮೇಲೆ ಕಡ್ಡಿಯಿಂದ ಕೆರೆದರೆ ಉದುರುವ ತಿಳಿಹಸಿರು ಪುಡಿ ಕಂಡರೆ ಅದು ಸಾಮಾನ್ಯ ಕಿಲುಬಲ್ಲ, ಒಳಗಿನ ಕ್ಲೋರೈಡ್ ತೇವದೊಡನೆ ಸೇರಿ ಲೋಹವನ್ನು ತಿನ್ನುತ್ತಿದೆ. ಪುಡಿಯನ್ನು ಮರದ ಕಡ್ಡಿಯಿಂದ ತೆಗೆದು, ದಿನಾ ನೀರು ಬದಲಿಸುತ್ತ ಡಿಸ್ಟಿಲ್ಡ್ ವಾಟರಿನಲ್ಲಿ ಕೆಲವು ವಾರ ನೆನೆಸಿ, ಅಸಿಟೋನಿನಲ್ಲಿ ಅದ್ದಿ ಒಣಗಿಸಿ, ಬೇರೆ ಡಬ್ಬಿಯಲ್ಲಿಟ್ಟು ಗಮನಿಸಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಜೊತೆಗೆ ಸಣ್ಣ ತೇವಮಾಪಕ ಹಾಕಿ. ಅಂಕಿ 40 ಶೇಕಡಾ ದಾಟಿದಾಗ ಜೆಲ್ ಬದಲಿಸಿ.